ಶಟರ್ ರಿಪೇರಿನಾ, ಹೊಸದಾ? ಒಂದು ಲೆಕ್ಕ

ನಮ್ಮ ಕಡೆ ಗ್ಯಾರೇಜ್ ಅಂದ್ರೆ ಗಾಡಿ ರಿಪೇರಿ ಮಾಡೋ ಜಾಗ. ಕಾರು ನಿಲ್ಲಿಸೋ ಜಾಗಕ್ಕೆ ಕಾರ್ ಶೆಡ್ ಅಂತೀವಿ. ಬಸವೇಶ್ವರನಗರ, ವಿಜಯನಗರದ ಒಳರಸ್ತೆಗಳಲ್ಲಿ ಓಡಾಡಿದವರಿಗೆ ಗೊತ್ತಿರುತ್ತೆ, ಎಷ್ಟೋ ಹಳೇ ಮನೆಗಳ ಕಾರ್ ಶೆಡ್ ಈಗ ಅಂಗಡಿ ಆಗಿದೆ. ಕಾರು ರಸ್ತೆಯಲ್ಲಿ ನಿಂತಿರುತ್ತೆ, ಶೆಡ್ಡಿಗೆ ಒಂದು ರೋಲಿಂಗ್ ಶಟರ್ ಬಿದ್ದಿರುತ್ತೆ, ಒಳಗೆ ಜೆರಾಕ್ಸ್ ಅಥವಾ ಕಾಂಡಿಮೆಂಟ್ಸ್. ಬಸವೇಶ್ವರನಗರದ ಅಂಥ ಒಂದು ಶೆಡ್ಡಲ್ಲೇ ನಮ್ಮಮ್ಮನ ಬ್ಲೌಸ್ ಹೊಲಿಯೋ ಅಂಗಡಿ ಇರೋದು. ಬಾಡಿಗೆಗೆ, ಹನ್ನೊಂದು ವರ್ಷದಿಂದ.

ಹೋದ ಸೆಮಿಸ್ಟರ್ ಪರೀಕ್ಷೆ ಸಮಯದಲ್ಲಿ ಒಂದು ಬೆಳಗ್ಗೆ ಶಟರ್ ಒಳಗೆ ಠಣ್ ಅಂತ ಸದ್ದಾಯ್ತಂತೆ. ಆಮೇಲೆ ಅಮ್ಮನ ಕೈಲಿ ಅದನ್ನ ಎತ್ತಕ್ಕೆ ಆಗ್ಲಿಲ್ಲ. ಪಕ್ಕದ ಇಸ್ತ್ರಿ ಅಣ್ಣ ಬಂದು ಎತ್ತಿಕೊಟ್ರು. ಮಾರನೇ ದಿನಾನೂ ಅವರೇ. ಮಧ್ಯಾಹ್ನ ಎರಡು ಗಂಟೆಗೆ ಮುಚ್ಚಿದ್ರೆ ನಾಲ್ಕಕ್ಕೆ ಮತ್ತೆ ಅವರನ್ನ ಕರೀಬೇಕಲ್ಲ ಅಂತ ಅಮ್ಮ ಮನೆಗೆ ಊಟಕ್ಕೆ ಬರೋದನ್ನೇ ಬಿಟ್ಟರು. ಒಂಬತ್ತು ದಿನ ಹೀಗೇ ನಡೀತು. ಹತ್ತನೇ ದಿನ ರಾತ್ರಿ ಮುಚ್ಚುವಾಗ ಶಟರ್ ಕೈ ತಪ್ಪಿ ಧಡ್ ಅಂತ ಕೆಳಗೆ ಬಂತು. ಕಾಲು ಉಳೀತು, ಚಪ್ಪಲಿ ಉಳೀಲಿಲ್ಲ. ಅವತ್ತು ನಾನು ಪುಸ್ತಕ ಮುಚ್ಚಿಟ್ಟು ಶಟರ್ ಬಗ್ಗೆ ಓದೋಕೆ ಶುರು ಮಾಡ್ದೆ. (ಆ ಪರೀಕ್ಷೆಯ ಮಾರ್ಕ್ಸ್ ಯಾರೂ ಕೇಳಬೇಡಿ.)

ಮೊದಲು ಬಂದವರು ಶಟರ್ ಅಂಗಡಿಯವರು. ಎರಡು ನಿಮಿಷ ನೋಡಿ, "ಇದರ ಕಥೆ ಮುಗೀತು ಮೇಡಂ, ಹೊಸದೇ ಹಾಕ್ಸಿ" ಅಂದ್ರು. ರೇಟು ಚದರಡಿಗೆ 260 ರೂಪಾಯಿ. ನಮ್ಮ ಬಾಗಿಲು ಎಂಟಡಿ ಅಗಲ, ಎಂಟಡಿ ಎತ್ತರ. 64 ಚದರಡಿ, 16,640 ಅಂತ ನಾನು ಮನಸ್ಸಲ್ಲೇ ಲೆಕ್ಕ ಹಾಕ್ಕೊಂಡೆ. ಅವರ ಚೀಟಿಯಲ್ಲಿ 80 ಚದರಡಿ ಇತ್ತು. ಇದು ಮೋಸ ಅಲ್ಲ. ಹಾಳೆಯ ಎರಡೂ ತುದಿ ಗೋಡೆ ಪಕ್ಕದ ಗೈಡ್ ಚಾನೆಲ್ ಒಳಗೆ ಹೋಗಬೇಕು. ಮೇಲೆ ಸುತ್ತಿಕೊಳ್ಳೋ ಜಾಗಕ್ಕೂ ಹಾಳೆ ಬೇಕು, ಅದರ ಮೇಲೆ ಕವರ್ ಬೇಕು. ಆದ್ರೆ ಇದನ್ನ ಮೊದಲೇ ಯಾರೂ ಹೇಳಲ್ಲ, ಅದಕ್ಕೇ ಫೋನಲ್ಲಿ ಕೇಳಿದ ರೇಟಿಗೂ ಕೈಗೆ ಬರೋ ಬಿಲ್ಲಿಗೂ ತಾಳೆಯಾಗಲ್ಲ. 80ಕ್ಕೆ 20,800. ಶೇಕಡಾ 18 ಜಿಎಸ್‌ಟಿ 3,744. ಫಿಟ್ಟಿಂಗ್ ಮತ್ತು ಗಾಡಿ ಬಾಡಿಗೆ 2,500. ಒಟ್ಟು 27,044. ಬಣ್ಣ ನಮ್ಮದೇ ಖರ್ಚು.

"ಹಳೇ ಶಟರ್ ನಾವೇ ಫ್ರೀಯಾಗಿ ತಗೊಂಡು ಹೋಗ್ತೀವಿ" ಅಂತಾನೂ ಹೇಳಿದ್ರು, ನಮಗೇನೋ ಉಪಕಾರ ಮಾಡೋ ಹಾಗೆ. ಆ ಶಟರ್ ತೂಕ ಎಷ್ಟಿರಬಹುದು ಅಂತ ಲೆಕ್ಕ ಹಾಕಿ ನೋಡಿ. 18 ಗೇಜ್ ತಗಡಿನ ದಪ್ಪ ಸುಮಾರು 1.25 ಮಿಲಿಮೀಟರ್. ಉಕ್ಕಿನ ಸಾಂದ್ರತೆ ಘನಮೀಟರಿಗೆ 7,850 ಕಿಲೋ. ಅಂದ್ರೆ ಚಪ್ಪಟೆ ತಗಡು ಚದರ ಮೀಟರಿಗೆ 9.8 ಕಿಲೋ ಬರುತ್ತೆ. ಶಟರ್ ಪಟ್ಟಿಗಳು ಬಾಗಿ ಒಂದಕ್ಕೊಂದು ಕೊಂಡಿ ಹಾಕ್ಕೊಂಡಿರೋದ್ರಿಂದ ಇನ್ನೊಂದು ಕಾಲು ಭಾಗ ಸೇರಿಸಿ, 12 ಅನ್ನಿ. ಬಾಗಿಲು ಸುಮಾರು 6 ಚದರ ಮೀಟರ್. ಕೆಳಗಿನ ಆಂಗಲ್ ಸೇರಿ 75 ಕಿಲೋ ಆಯ್ತು. ನಮ್ಮ ಬೀದಿಯ ಗುಜರಿಯವರು ಅವತ್ತು ಹೇಳಿದ ರೇಟು ಕಿಲೋಗೆ 28. ಅಲ್ಲಿಗೆ 2,100 ರೂಪಾಯಿ ಫ್ರೀ, ಯಾರಿಗೆ ಅನ್ನೋದು ಬೇರೆ ಮಾತು.

ಆದ್ರೆ ನನ್ನ ತಲೇಲಿ ಉಳಿದಿದ್ದು ಆ 75 ಕಿಲೋ. ಅಮ್ಮನ ತೂಕವೇ 58. ಹನ್ನೊಂದು ವರ್ಷ ದಿನಕ್ಕೆ ಎರಡು ಸಲ ಅವರು ಅದನ್ನ ಒಂದೇ ಕೈಲಿ ಎತ್ತಿದ್ದು ಹೇಗೆ?

ಎತ್ತುತ್ತಾ ಇದ್ದಿದ್ದು ಅಮ್ಮ ಅಲ್ಲ, ಸ್ಪ್ರಿಂಗು. ಶಟರ್ ಮೇಲಿನ ಡಬ್ಬದಂಥ ಕವರ್ ಒಳಗೆ ಒಂದು ಪೈಪ್ ಇರುತ್ತೆ. ಅದು ತಿರುಗಲ್ಲ. ಅದರ ಮೇಲೆ ಅಲ್ಲಲ್ಲಿ ಚಕ್ರಗಳು, ಒಂದೊಂದು ಚಕ್ರದ ಒಳಗೂ ಒಂದು ಸುರುಳಿ ಸ್ಪ್ರಿಂಗ್. ಸ್ಪ್ರಿಂಗಿನ ಒಂದು ತುದಿ ಪೈಪಿಗೆ, ಇನ್ನೊಂದು ಚಕ್ರಕ್ಕೆ ಕಟ್ಟಿರುತ್ತೆ. ಶಟರ್ ಕೆಳಗೆ ಎಳೆದಾಗ ಚಕ್ರ ತಿರುಗುತ್ತೆ, ಸ್ಪ್ರಿಂಗ್ ಬಿಗಿಯಾಗುತ್ತೆ. ರಾತ್ರಿ ಬಾಗಿಲು ಹಾಕುವಾಗ ನಾವು ಹಾಕೋ ಶಕ್ತಿ ಅಲ್ಲೇ ಕೂತಿದ್ದು, ಬೆಳಗ್ಗೆ ವಾಪಸ್ ಬರುತ್ತೆ. ಇದರಲ್ಲಿ ನನಗೆ ಭಾಳ ಇಷ್ಟ ಆಗಿದ್ದು ಒಂದಿದೆ. ಶಟರ್ ಪೂರ್ತಿ ಮುಚ್ಚಿದಾಗ ನೇತಾಡೋ ತೂಕ ಅತಿ ಹೆಚ್ಚು, ಸ್ಪ್ರಿಂಗಿನ ಬಿಗಿಯೂ ಅತಿ ಹೆಚ್ಚು. ಮೇಲೆ ಹೋದಂಗೆ ಹಾಳೆ ಸುತ್ತಿಕೊಂಡು ನೇತಾಡೋ ತೂಕ ಇಳಿಯುತ್ತೆ, ಸ್ಪ್ರಿಂಗೂ ಸಡಿಲ ಆಗ್ತಾ ಬರುತ್ತೆ. ಎರಡೂ ಜೊತೆಜೊತೆಗೆ. ಫಸ್ಟ್ ಇಯರಲ್ಲಿ ಹುಕ್ಸ್ ಲಾ ಬರೆದು ಪಾಸಾದ ನನಗೆ ಅದು ನಮ್ಮ ಅಂಗಡಿ ಬಾಗಿಲಲ್ಲೇ ಇದೆ ಅಂತ ಹೊಳೆದಿರಲಿಲ್ಲ.

ಹಾಗಾಗಿ ಶಟರ್ ಭಾರ ಆಯ್ತು ಅಂದ್ರೆ ಹಾಳೆ ಹಾಳಾಗಿದೆ ಅಂತ ಅರ್ಥ ಅಲ್ಲ. ಚೆಕ್ ಮಾಡೋಕೆ ಸುಲಭದ ದಾರಿ ಇದೆ. ಸೊಂಟದ ಎತ್ತರಕ್ಕೆ ಎತ್ತಿ, ಕೆಳಗೆ ಕಾಲಿಡದೆ, ನಿಧಾನಕ್ಕೆ ಕೈ ಸಡಿಲ ಮಾಡಿ. ಸ್ಪ್ರಿಂಗ್ ಸರಿ ಇದ್ರೆ ಅಲ್ಲೇ ನಿಲ್ಲುತ್ತೆ. ನಮ್ಮದು ನಿಲ್ಲಲಿಲ್ಲ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸೂಟ್‌ಕೇಸ್ ತೂಗೋ ಡಿಜಿಟಲ್ ಕೊಕ್ಕೆ ತಕ್ಕಡಿಯನ್ನ ಕೆಳಗಿನ ಹಿಡಿಗೆ ಸಿಕ್ಕಿಸಿ, ಇಸ್ತ್ರಿ ಅಣ್ಣನ ಕೈಲಿ ಎಳೆಸಿದೆ. 34 ಕಿಲೋ ತೋರಿಸ್ತು. ಮೂರು ಸ್ಪ್ರಿಂಗಿಗೆ 75 ಹಂಚಿದ್ರೆ ತಲಾ 25. ಒಂದು ಮುರಿದಿದೆ, ಉಳಿದೆರಡು ದಣಿದಿವೆ, ಜೊತೆಗೆ ತುಕ್ಕಿನ ಘರ್ಷಣೆ. 34 ಸರಿಯಾಗೇ ಕೂರುತ್ತೆ.

ದಣಿದಿವೆ ಅಂತ ಸುಮ್ನೆ ಹೇಳಿದ್ದಲ್ಲ. ದಿನಕ್ಕೆ ಎರಡು ಸಲ, ವರ್ಷಕ್ಕೆ ಮುನ್ನೂರು ದಿನ, ಹನ್ನೊಂದು ವರ್ಷ: 6,600 ಸಲ ಬಿಗಿದು ಬಿಚ್ಚಿದ ತಂತಿ ಅದು. ಅಮೆರಿಕದ ಮನೆಗಳ ಗ್ಯಾರೇಜ್ ಬಾಗಿಲಿಗೆ ಹಾಕೋ ಸಾಮಾನ್ಯ ಸ್ಪ್ರಿಂಗಿಗೇ ಸುಮಾರು 10,000 ಸಲ ಅಂತ ಆಯಸ್ಸು ಕಟ್ಟಿರ್ತಾರೆ.

ಕಾಮಾಕ್ಷಿಪಾಳ್ಯದಿಂದ ಒಬ್ಬ ಮೇಸ್ತ್ರಿ, ಜೊತೆಗೊಬ್ಬ ಹುಡುಗ ಬಂದ್ರು. ನನ್ನ 34 ಕಿಲೋ ಕೇಳಿ ಮೇಸ್ತ್ರಿ ನಕ್ಕು, "ನಾವು ಕೈಲೇ ನೋಡ್ತೀವಮ್ಮ ಇಂಜಿನಿಯರ್" ಅಂದ್ರು. ಕವರ್ ಬಿಚ್ಚಿದಾಗ ನಡುವಿನ ಸ್ಪ್ರಿಂಗ್ ಎರಡು ತುಂಡಾಗಿತ್ತು. ಒಂದೇ ಬದಲಿಸಿ ಅಂತ ನಾನಂದೆ. "ಮೂರೂ ಒಂದೇ ವಯಸ್ಸಿನವು. ಈಗ ಒಂದು ಹಾಕಿದ್ರೆ ಆರು ತಿಂಗಳಿಗೆ ಮತ್ತೆ ನನ್ನನ್ನೇ ಕರೀತೀರ, ಕೂಲಿ ಮತ್ತೆ ಕೊಡ್ತೀರ" ಅಂದ್ರು. ಅವರ ಮಾತೇ ಸರಿ ಅನ್ನಿಸ್ತು. ಸ್ಪ್ರಿಂಗ್ ತಲಾ 1,100, ಮೂರಕ್ಕೆ 3,300. ನೆಲ ಒರೆಸೋ ನೀರಿಗೆ ತುಕ್ಕು ಹಿಡಿದಿದ್ದ ಕೆಳಗಿನ ಎರಡು ಪಟ್ಟಿ ಬದಲಿಸಿದ್ದಕ್ಕೆ 900. ಇಬ್ಬರ ಕೂಲಿ 1,500. ಒಟ್ಟು 5,700, ಅರ್ಧ ದಿನ ಅಂಗಡಿ ಬಂದ್.

ಕೊನೆಗೆ ಪೈಪ್ ರೆಂಚಲ್ಲಿ ಇಡೀ ಪೈಪನ್ನೇ ಸುತ್ತು ಸುತ್ತು ತಿರುಗಿಸಿ, ಸ್ಪ್ರಿಂಗಿಗೆ ಬಿಗಿ ಕೊಟ್ಟು ಯು ಕ್ಲ್ಯಾಂಪ್ ಹಾಕಿದ್ರು. ಆಗ ಇಬ್ಬರೂ ಒಂದು ಮಾತೂ ಆಡ್ಲಿಲ್ಲ. ರೆಂಚ್ ಜಾರಿದ್ರೆ ಅಷ್ಟೂ ಬಿಗಿ ಒಂದೇ ಸಲಕ್ಕೆ ಬಿಚ್ಚಿಕೊಂಡು ಕೈ ಮುರಿಯುತ್ತೆ. ವಿಡಿಯೋ ನೋಡಿ ನಾನೇ ಮಾಡ್ತೀನಿ ಅನ್ನೋ ಮೆಕ್ಯಾನಿಕಲ್ ಗೆಳೆಯರೇ, ಇದೊಂದು ಕೆಲಸಕ್ಕೆ ಕೂಲಿ ಕೊಟ್ಟುಬಿಡಿ.

ಹಾಗಂತ ಯಾವಾಗಲೂ ರಿಪೇರಿಯೇ ಸರಿ ಅಂತ ನಾನು ಹೇಳ್ತಿಲ್ಲ. ತುಕ್ಕು ಕೆಳಗಿನ ಎರಡು ಮೂರು ಪಟ್ಟಿ ದಾಟಿ ಮೇಲೆ ಹತ್ತಿದ್ರೆ, ಅಥವಾ ಪೈಪೇ ಬಾಗಿದ್ರೆ, ರಿಪೇರಿ ದುಡ್ಡು ನೀರಲ್ಲಿ ಹೋಮ. ಹೊಸದು ಹಾಕ್ಸೋರು ಗೇಜ್ ವಿಷಯದಲ್ಲಿ ಹುಷಾರು. ನಂಬರ್ ಜಾಸ್ತಿ ಆದಷ್ಟೂ ತಗಡು ತೆಳು. 18 ಗೇಜ್ 1.2 ಮಿಲಿಮೀಟರ್ ಆಸುಪಾಸು, 20 ಅಂದ್ರೆ 0.9, 22 ಅಂದ್ರೆ 0.7. ಎರಡನೇ ಅಂಗಡಿಯವರು 18 ಅಂತ ತಂದ ಸ್ಯಾಂಪಲ್ ತುಂಡಿಗೆ ನಾನು ವರ್ನಿಯರ್ ಹಿಡಿದಾಗ ಬಣ್ಣ ಸೇರಿನೂ 1.0 ದಾಟ್ಲಿಲ್ಲ. ಬಿಲ್ಲಲ್ಲಿ ಗೇಜ್ ಬರೆಸಿಕೊಳ್ಳಿ. ದೊಡ್ಡ ಬಾಗಿಲಿನ ಕಥೆ ಬೇರೆ. ಕೆಂಗೇರಿ ಹತ್ತಿರ ನಮ್ಮ ಮಾವನ ಗೋಡೌನ್ ಶಟರ್ 14 ಅಡಿಗೆ 12 ಅಡಿ. ಅಷ್ಟಕ್ಕೆ ಕೈಲಿ ಎತ್ತೋದಲ್ಲ, ಗೇರ್ ಮತ್ತು ಚೈನ್ ಬೇಕು. ಮೋಟಾರ್ ಹಾಕ್ಸೋಣ್ವಾ ಅಂತ ಅಮ್ಮನ್ನ ನಾನೂ ಕೇಳಿದ್ದೆ. "ಕರೆಂಟ್ ಹೋದ್ರೆ ಮತ್ತೆ ಇಸ್ತ್ರಿ ಅಣ್ಣನ್ನೇ ಕರೀಬೇಕಾ?" ಅಂದ್ರು.

ನಮಗೆ ಇನ್ನೊಂದು ಲೆಕ್ಕಾನೂ ಇತ್ತು. ಹನ್ನೊಂದು ತಿಂಗಳ ಅಗ್ರಿಮೆಂಟಿನ ಬಾಡಿಗೆ ಅಂಗಡಿಗೆ 27,000 ಹಾಕಿದ್ರೆ ಆ ಶಟರ್ ಗೋಡೆ ಜೊತೆ ಓನರ್ ಆಂಟಿಗೇ ಉಳಿಯುತ್ತೆ. ಅವರು ಹೊಸದಕ್ಕೆ ಅರ್ಧ ಕೊಡ್ತೀನಿ ಅಂದಿದ್ರು, ರಿಪೇರಿಗೆ ಏನೂ ಇಲ್ಲ. ಆದ್ರೂ ಹೊಸದರ ನಮ್ಮ ಪಾಲು 13,522.

ಮೇಸ್ತ್ರಿ ಹೋದ ಮೇಲೆ ತಕ್ಕಡಿ ಮತ್ತೆ ಸಿಕ್ಕಿಸಿದೆ. 7 ಕಿಲೋ. ಅಮ್ಮ ತಕ್ಕಡಿ ನೋಡ್ಲೂ ಇಲ್ಲ. ಎರಡು ಗಂಟೆಗೆ ಶಟರ್ ಎಳೆದು, ಬೀಗ ಹಾಕಿ, ನನ್ನ ಜೊತೆ ಮನೆಗೆ ಊಟಕ್ಕೆ ಬಂದ್ರು.