ಗಲ್ಫ್‌ನ ಕಾರನ್ನು ಊರಿಗೆ ತರಬಹುದೇ? ಹಡಗಿಗೆ ಹಾಕುವ ಮೊದಲು ತಿಳಿಯಬೇಕಾದ ಲೆಕ್ಕ

ದುಬೈ, ದಮ್ಮಾಮ್, ದೋಹಾದಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಮರಳಲು ಹೊರಟವರಲ್ಲಿ ಹಲವರು ಕೇಳುವ ಪ್ರಶ್ನೆಯಿದು: "ಇಲ್ಲಿ ಒಳ್ಳೆ ಗಾಡಿ ಕಡಿಮೆ ರೇಟಿಗೆ ಸಿಗ್ತದೆ, ಹಡಗಲ್ಲಿ ಹಾಕಿ ಊರಿಗೆ ಕಳಿಸಿದರೆ ಹೇಗೆ?" ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಅಪರೂಪಕ್ಕೊಮ್ಮೆ ಅರಬಿ ನಂಬರ್ ಪ್ಲೇಟಿನ ಕಾರು ಕಂಡವರಿಗೆ 'ಅವರಿಗೆ ಆಗ್ತದೆಂದರೆ ನಮಗೂ ಆಗ್ತದೆ' ಅನಿಸುವುದು ಸಹಜ. ಆದರೆ ಕಾರನ್ನು ಹಡಗಿಗೆ ಹಾಕೋದು ಸುಲಭ, ಕಸ್ಟಮ್ಸ್ ದಾಟಿಸೋದೇ ಕಷ್ಟ.

ಸ್ಟೇರಿಂಗ್ ಯಾವ ಕಡೆಗಿದೆ?

ಕಾರನ್ನು ಶಾಶ್ವತವಾಗಿ ತಂದು ಇಲ್ಲಿ ರಿಜಿಸ್ಟ್ರೇಷನ್ ಮಾಡಿಸಬೇಕಾದರೆ ಮೊದಲು ನೋಡಬೇಕಾದದ್ದು ಸ್ಟೇರಿಂಗ್. ಭಾರತದ ಆಮದು ನೀತಿಯ ಪ್ರಕಾರ ಬಳಸಿದ ಕಾರಿನ ಸ್ಟೇರಿಂಗ್ ಬಲಗಡೆ ಇರಬೇಕು, ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಪೀಡೋಮೀಟರ್ ಕಿಲೋಮೀಟರ್ ಲೆಕ್ಕದಲ್ಲಿರಬೇಕು. ಅದನ್ನು ಮುಂಬೈ ಬಂದರಿನಲ್ಲೇ ಇಳಿಸಬೇಕು. ಗಲ್ಫ್ ದೇಶಗಳಲ್ಲಿ ವಾಹನ ಓಡೋದು ರಸ್ತೆಯ ಬಲಕ್ಕೆ, ಸ್ಟೇರಿಂಗ್ ಇರೋದು ಎಡಕ್ಕೆ. ಹಾಗಾಗಿ ಅಲ್ಲಿನ ಸಾಮಾನ್ಯ ಕಾರುಗಳು ಮೊದಲ ಷರತ್ತಿನಲ್ಲೇ ಬಿದ್ದು ಹೋಗುತ್ತವೆ. 'ಊರಿಗೆ ಬಂದ ಮೇಲೆ ಸ್ಟೇರಿಂಗ್ ಬದಲಿಸೋಣ' ಎಂಬ ಏಜೆಂಟರ ಮಾತು ಇಲ್ಲಿ ನಡೆಯದು, ಆಮದಿನ ಹೊತ್ತಿಗೇ ಅದು ಬಲಗಡೆ ಇರಬೇಕು.

ಸುಂಕ ಎಷ್ಟು ಬೀಳ್ತದೆ?

ಬಲಗಡೆ ಸ್ಟೇರಿಂಗ್‌ನ ಕಾರೇ ಸಿಕ್ಕಿತು ಎಂದಿಟ್ಟುಕೊಳ್ಳಿ. 2025ರ ಬಜೆಟ್‌ನಲ್ಲಿ ಬಳಸಿದ ಕಾರಿನ ಮೂಲ ಸುಂಕವನ್ನು ಶೇ. 125ರಿಂದ 70ಕ್ಕೆ ಇಳಿಸಿದ ಸುದ್ದಿ ಕೇಳಿ ಹಲವರು ಖುಷಿಪಟ್ಟರು. ಆದರೆ ಜೊತೆಗೇ ಶೇ. 67.5ರ ಕೃಷಿ ಸೆಸ್ ಸೇರಿತು. ಒಟ್ಟು ಶೇ. 137.5, ಅಂದರೆ ಹಿಂದೆ ಸರ್‌ಚಾರ್ಜ್ ಸೇರಿ ಇದ್ದಷ್ಟೇ.

ಕಾರಿನ ಬೆಲೆ, ಹಡಗಿನ ಬಾಡಿಗೆ, ವಿಮೆ ಸೇರಿ 10 ಲಕ್ಷ ರೂ. ಎಂದರೆ ಸುಂಕ 13.75 ಲಕ್ಷ. ಈ 23.75 ಲಕ್ಷದ ಮೇಲೆ ಜಿಎಸ್‌ಟಿ. ದೊಡ್ಡ ಕಾರಿಗೆ ಶೇ. 40ರಂತೆ ಮತ್ತೆ 9.50 ಲಕ್ಷ. 10 ಲಕ್ಷದ ಕಾರು ಬಂದರಿನಿಂದ ಹೊರಬರುವಾಗ 33.25 ಲಕ್ಷ. ರಸ್ತೆ ತೆರಿಗೆ ಬೇರೆ.

'ಗಲ್ಫ್ ಬಿಟ್ಟು ಬರುವವರಿಗೆ ರಿಯಾಯಿತಿ ಇದೆಯಲ್ಲ?' ಎಂದು ಕೇಳುವವರಿದ್ದಾರೆ. ವಾಸ ಬದಲಿಸುವವರಿಗೆ ಇರುವ ಬ್ಯಾಗೇಜ್ ರಿಯಾಯಿತಿ ಮನೆ ಸಾಮಾನಿಗೆ ಮಾತ್ರ. 1962ರ ಕಸ್ಟಮ್ಸ್ ಕಾಯ್ದೆ ಬ್ಯಾಗೇಜ್‌ನ ವ್ಯಾಖ್ಯಾನದಿಂದಲೇ ಮೋಟಾರು ವಾಹನವನ್ನು ಹೊರಗಿಟ್ಟಿದೆ.

ಹಾಗಾದರೆ ಅರಬಿ ಪ್ಲೇಟಿನ ಕಾರು ಬಂದದ್ದು ಹೇಗೆ?

ಅದು 'ಕಾರ್ನೆ' ದಾರಿ. ಕಾರ್ನೆ ಎಂದರೆ ವಾಹನದ ಪಾಸ್‌ಪೋರ್ಟ್ ಇದ್ದ ಹಾಗೆ. ಕಾರು ರಿಜಿಸ್ಟರ್ ಆದ ದೇಶದ ಅಧಿಕೃತ ಆಟೋಮೊಬೈಲ್ ಕ್ಲಬ್ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಪಡೆದು ಇದನ್ನು ಕೊಡುತ್ತದೆ. ವಿದೇಶದಲ್ಲಿ ವಾಸವಿರುವವರು ಸುಂಕ ಕಟ್ಟದೆ ಆರು ತಿಂಗಳವರೆಗೆ ಕಾರನ್ನು ಇಲ್ಲಿ ಓಡಿಸಬಹುದು. ಇಲ್ಲಿನ ವಿಮೆ ಬೇಕು. ಬಾಡಿಗೆಗೆ ಕೊಡುವಂತಿಲ್ಲ, ಮಾರುವಂತಿಲ್ಲ. ಅವಧಿಯೊಳಗೆ ಕಾರು ವಾಪಸ್ ಹೋಗಿ ಕಾರ್ನೆಯಲ್ಲಿ ನಿರ್ಗಮನದ ಮುದ್ರೆ ಬೀಳಲೇಬೇಕು. ಆ ಮುದ್ರೆ ಇಲ್ಲದಿದ್ದರೆ ಕಸ್ಟಮ್ಸ್ ಸುಂಕ ಕೇಳುತ್ತದೆ, ಠೇವಣಿ ಕೈ ತಪ್ಪುತ್ತದೆ.

ಹಡಗಿಗೆ ಹಾಕುವಾಗ

ಎರಡು ವಿಧಾನಗಳಿವೆ. 'ರೋ-ರೋ' ಹಡಗಿಗೆ ಕಾರನ್ನು ಓಡಿಸಿಕೊಂಡೇ ಹತ್ತಿಸುತ್ತಾರೆ. ಇನ್ನೊಂದು ಕಂಟೇನರ್. ಅದರೊಳಗೆ ಕಾರನ್ನು ಬಿಗಿದು ಕಟ್ಟುತ್ತಾರೆ, ಬ್ಯಾಟರಿ ವೈರ್ ಕಳಚುತ್ತಾರೆ. ಎರಡರಲ್ಲೂ ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇರಬೇಕು. ಬ್ಯಾಂಕ್ ಸಾಲ, ಟ್ರಾಫಿಕ್ ದಂಡ ಬಾಕಿ ಇದ್ದರೆ ಮೊದಲು ಚುಕ್ತಾ ಮಾಡಿ. ಬಿಲ್ ಆಫ್ ಲೇಡಿಂಗ್‌ನಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ, ಚಾಸಿ ನಂಬರ್ ಆರ್‌ಸಿಯಲ್ಲಿ ಇದ್ದಂತೆಯೇ ಇರಲಿ. ಒಂದಕ್ಷರ ತಪ್ಪಿದರೂ ಕಾರು ಬಂದರಿನಲ್ಲೇ ನಿಲ್ಲಬಹುದು, ಉಚಿತ ದಿನಗಳು ಮುಗಿದ ಮೇಲೆ ದಿನ ಲೆಕ್ಕದಲ್ಲಿ ಬಾಡಿಗೆ ಏರುತ್ತದೆ.

ಊರಲ್ಲಿ ಖರೀದಿಸುವವರೂ ಎಚ್ಚರ

2025ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು 'ಆಪರೇಷನ್ ನುಮ್ಖೋರ್' ಹೆಸರಿನಲ್ಲಿ ಕೇರಳದ ಹಲವೆಡೆ ತಪಾಸಣೆ ನಡೆಸಿ, ಭೂತಾನ್ ಮೂಲಕ ಅಕ್ರಮವಾಗಿ ಬಂದವು ಎಂಬ ಶಂಕೆಯಲ್ಲಿ ಅನೇಕ ವಾಹನಗಳನ್ನು ವಶಪಡಿಸಿಕೊಂಡರು. ದುಡ್ಡು ಕೊಟ್ಟು ಕೊಂಡವರ ಅಂಗಳದಿಂದಲೇ ಗಾಡಿಗಳು ಹೋದವು. ವಿದೇಶಿ ಗಾಡಿ ಅಗ್ಗಕ್ಕೆ ಸಿಕ್ಕರೆ ಆರ್‌ಸಿ ಮಾತ್ರ ನೋಡಬೇಡಿ. ಬಿಲ್ ಆಫ್ ಎಂಟ್ರಿ ಮತ್ತು ಸುಂಕ ಕಟ್ಟಿದ ರಶೀದಿ ಕೇಳಿ. ಅವಿಲ್ಲದಿದ್ದರೆ ಮುಂಗಡವನ್ನೂ ಕೊಡಬೇಡಿ.

ರಜೆಗೆ ಬರುವವರಿಗೆ ಕಾರ್ನೆ ಸರಿ. ಊರಲ್ಲೇ ನೆಲೆ ನಿಲ್ಲಲು ಬರುವವರು ಕಾರನ್ನು ಅಲ್ಲೇ ಮಾರಿ, ಆ ಹಣದಲ್ಲಿ ಇಲ್ಲಿ ಬೇರೆ ಕಾರು ಕೊಳ್ಳುವುದೇ ಲಾಭ. ವರ್ಷಗಳ ಬೆವರಿನ ಗಳಿಕೆ ಬಂದರಿನ ಬಾಡಿಗೆಗೆ, ಸುಂಕಕ್ಕೆ ಕರಗುವುದು ಬೇಡ.