ಕಿರುತೊರೆಗೆ ಎಂಥ ಫ್ಲೈ ರಾಡ್?

ಗಾಳದ ಕೋಲುಗಳಲ್ಲಿ ಫ್ಲೈ ರಾಡ್‌ನದು ಬೇರೆಯೇ ಜಾತಿ. ಎರೆಹುಳು ಸಿಕ್ಕಿಸಿ ಸೀಸದ ಗುಂಡು ಕಟ್ಟಿ ಎಸೆಯುವ ಗಾಳದಲ್ಲಿ ಆ ಗುಂಡಿನ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಗಾಳದಲ್ಲಿ ಹಾಗಲ್ಲ. ಪುಟ್ಟ ಕೊಕ್ಕೆಗೆ ಗರಿ, ತುಪ್ಪಳ, ನೂಲು ಸುತ್ತಿ ಮಾಡಿದ ಹುಸಿ ಕೀಟಕ್ಕೆ ಲೆಕ್ಕಕ್ಕೆ ಹಿಡಿಯುವಷ್ಟು ತೂಕವಿಲ್ಲ. ಅದನ್ನು ಒಯ್ಯುವುದು ದಪ್ಪನೆಯ ದಾರದ ತೂಕ. ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ಕೋಲು ಬಾಗುತ್ತದೆ, ಬಾಗಿದ್ದು ನೆಟ್ಟಗಾಗುವಾಗ ದಾರವನ್ನು ಮುಂದಕ್ಕೆ ತಳ್ಳುತ್ತದೆ. ಕೋಲು ಬಾಗದಿದ್ದರೆ ಎಸೆತವೇ ಇಲ್ಲ. ಸಣ್ಣ ತೊರೆಯಲ್ಲಿ ದಾರ ಬಿಡಲು ಜಾಗ ಕಡಿಮೆ, ಬೀಸಲು ಜಾಗ ಇನ್ನೂ ಕಡಿಮೆ. ಅಷ್ಟು ಸ್ವಲ್ಪ ದಾರಕ್ಕೆ ಬಾಗುವ ಕೋಲು ಯಾವುದು ಎಂಬುದೇ ಆಯ್ಕೆಯ ಮೊದಲ ಪ್ರಶ್ನೆ.

ಅಮೆರಿಕದ ಟೆನೆಸೀ ಮತ್ತು ನಾರ್ತ್ ಕ್ಯಾರೊಲೈನಾ ರಾಜ್ಯಗಳ ಗಡಿಯಲ್ಲಿ ಹರಡಿರುವ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಎತ್ತರದ ತೊರೆಗಳು ಇದಕ್ಕೆ ಒಳ್ಳೆಯ ಉದಾಹರಣೆ. ಹಲವೆಡೆ ಅವುಗಳ ಅಗಲ ಹತ್ತು ಹದಿನೈದು ಅಡಿ ಮೀರದು. ಎರಡೂ ದಡಗಳ ರೋಡೋಡೆಂಡ್ರಾನ್ ಪೊದೆಗಳು ನೀರಿನ ಮೇಲೆ ಬಾಗಿ ಹೆಣೆದುಕೊಂಡು ಹಸಿರು ಸುರಂಗ ಕಟ್ಟಿರುತ್ತವೆ. ಬಂಡೆಯಿಂದ ಬಂಡೆಗೆ ಧುಮುಕುವ ತಣ್ಣೀರು ಅಲ್ಲಲ್ಲಿ ಸಣ್ಣ ಮಡುಗಳಾಗಿ ನಿಲ್ಲುತ್ತದೆ. ಆ ಮಡುಗಳಲ್ಲಿ ಇರುವುದು ಬ್ರೂಕ್ ಟ್ರೌಟ್, ಆ ಸೀಮೆಯ ಮೂಲ ಮೀನು. 20ನೇ ಶತಮಾನದ ಆರಂಭದಲ್ಲಿ ನಡೆದ ಮರಕಡಿತ ಮತ್ತು ಹೊರಗಿನಿಂದ ತಂದು ಬಿಟ್ಟ ರೇನ್‌ಬೋ ಟ್ರೌಟ್ ಎರಡೂ ಸೇರಿ ಅದನ್ನು ತೊರೆಗಳ ತಲೆಭಾಗಕ್ಕೆ ಅಟ್ಟಿದವು. ಏಳೆಂಟು ಅಂಗುಲದ ಬ್ರೂಕ್ ಟ್ರೌಟ್ ಅಲ್ಲಿ ಒಳ್ಳೆಯ ಮೀನು. ಉದ್ಯಾನದಲ್ಲಿ ಹುಳು, ಹಿಟ್ಟು ಮೊದಲಾದ ನಿಜವಾದ ಎರೆ ನಿಷಿದ್ಧ. ಕೃತಕ ಎರೆಗೆ ಮಾತ್ರ ಅವಕಾಶ.

ಮೀನು ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ. ಹಾಗಾಗಿ ಗಾಳಗಾರ ಕೆಳಗಿನಿಂದ ಮೇಲಕ್ಕೆ, ಮೀನಿನ ಬೆನ್ನ ಕಡೆಯಿಂದ, ತಗ್ಗಿಕೊಂಡು ಸಾಗುತ್ತಾನೆ. ಇಪ್ಪತ್ತೈದು ಅಡಿಯ ಎಸೆತ ಇಲ್ಲಿ ದೊಡ್ಡ ಎಸೆತ. ಆ ಇಪ್ಪತ್ತೈದು ಅಡಿಯಲ್ಲಿ ಕೋಲಿನ ಉದ್ದ ಏಳೂವರೆ ಅಡಿ. ದಾರದ ತುದಿಗೆ ಕಟ್ಟುವ, ನೀರಿನಲ್ಲಿ ಕಾಣದ ನೈಲಾನ್ ಎಳೆ, ಅಂದರೆ ಲೀಡರ್, ಇನ್ನೊಂದು ಏಳೂವರೆ ಅಡಿ. ಉಳಿಯುವ ದಾರ ಹತ್ತೇ ಅಡಿ. ರಾಡ್ ಕೊಳ್ಳುವವರು ಸಾಮಾನ್ಯವಾಗಿ ಮಾಡದೇ ಬಿಡುವ ಲೆಕ್ಕ ಇದೇ.

ಕೋಲಿನ ಮೇಲೆ ಬರೆದಿರುವ ನಂಬರನ್ನು ಈ ಲೆಕ್ಕದ ಜೊತೆಗಿಟ್ಟು ಓದಬೇಕು. ಆ ನಂಬರು ಅದಕ್ಕೆ ಒಪ್ಪುವ ದಾರದ ತೂಕವನ್ನು ಸೂಚಿಸುತ್ತದೆ. ಅಮೆರಿಕದ ಮೀನುಗಾರಿಕೆ ಸಲಕರಣೆ ತಯಾರಕರ ಸಂಘ ರೂಪಿಸಿದ ಅಳತೆಯ ಪ್ರಕಾರ ದಾರದ ಮೊದಲ 30 ಅಡಿಯನ್ನು ತೂಗಿ ನಂಬರು ಕೊಡುತ್ತಾರೆ. 3ನೇ ನಂಬರಿನ ದಾರದ ಆ 30 ಅಡಿಯ ತೂಕ 100 ಗ್ರೇನ್, ಎಂದರೆ ಸುಮಾರು ಆರೂವರೆ ಗ್ರಾಂ. 4ನೆಯದು 120 ಗ್ರೇನ್, 5ನೆಯದು 140 ಗ್ರೇನ್. ತಯಾರಕರು ಕೋಲನ್ನು ಹದಗೊಳಿಸುವುದು ಹೆಚ್ಚುಕಡಿಮೆ ಅಷ್ಟು ದಾರ ಹೊರಗಿದೆ ಎಂದುಕೊಂಡು. ಕಿರುತೊರೆಯಲ್ಲಿ ಹೊರಗಿರುವುದು ಅದರ ಮೂರನೇ ಒಂದು ಪಾಲು. ದಾರದ ತುದಿ ಸಪೂರವಾಗುತ್ತ ಹೋಗುವುದರಿಂದ 4ನೇ ನಂಬರಿನ ಮೊದಲ ಹತ್ತು ಅಡಿಯ ತೂಕ ಎರಡು ಎರಡೂವರೆ ಗ್ರಾಂ ಇದ್ದರೆ ಹೆಚ್ಚು. ದೊಡ್ಡ ನದಿಯಲ್ಲಿ ಅರವತ್ತು ಅಡಿ ಎಸೆಯಲೆಂದು ಮಾಡಿದ ಬಿರುಸು ಕೋಲು ಇಷ್ಟು ಭಾರಕ್ಕೆ ಮಿಸುಕುವುದೂ ಇಲ್ಲ. ಎಸೆಯುವವರು ತೋಳಿನ ಬಲ ಹಾಕುತ್ತಾರೆ, ದಾರ ನೀರಿಗೆ ಅಪ್ಪಳಿಸುತ್ತದೆ, ಮಡುವಿನ ಮೀನುಗಳೆಲ್ಲ ಬಂಡೆಯಡಿ ಸೇರುತ್ತವೆ. ಎಷ್ಟೋ ಮಂದಿ ತಮ್ಮ ಕೈಯಲ್ಲಿ ಹದವಿಲ್ಲ ಎಂದುಕೊಂಡು ಕೊರಗುವಲ್ಲಿ ತಪ್ಪು ನಿಜವಾಗಿ ಕೋಲಿನದು.

ಹೀಗಾಗಿ ಉದ್ದ, ನಂಬರು, ಬಾಗು ಈ ಮೂರರಲ್ಲಿ ಬಾಗಿಗೆ ಮೊದಲ ಸ್ಥಾನ. ಬಿರುಸು ಕೋಲು ತುದಿಯಲ್ಲಿ ಮಾತ್ರ ಬಾಗುತ್ತದೆ. ಮಧ್ಯಮ ಕೋಲು ಅರ್ಧದವರೆಗೆ ಬಾಗುತ್ತದೆ. ಮೆದು ಕೋಲು ಹಿಡಿಕೆಯವರೆಗೂ ಬಳುಕುತ್ತದೆ. ಕಿರುತೊರೆಗೆ ಮಧ್ಯಮ ಅಥವಾ ಅದಕ್ಕಿಂತ ತುಸು ಮೆದುವಾದ ಕೋಲು ಸರಿ. ಅಂಥ ಕೋಲು ಸಪೂರ ಎಳೆಯನ್ನೂ ಕಾಯುತ್ತದೆ: 0.15 ಮಿಲಿಮೀಟರ್ ದಪ್ಪದ ಲೀಡರ್ ತುದಿ, ಮೀನು ಒಮ್ಮೆಲೇ ಜಗ್ಗಿದಾಗ, ಬಳುಕುವ ಕೋಲಿನಲ್ಲಿ ಸುಲಭಕ್ಕೆ ತುಂಡಾಗದು. ಏಳಂಗುಲದ ಮೀನಿನ ಮಿಡಿತ ಅಂಗೈಗೆ ತಿಳಿಯುವುದೂ ಇಂಥ ಕೋಲಿನಲ್ಲೇ. ಕೈಯಲ್ಲಿ ಈಗಾಗಲೇ ಬಿರುಸು ಕೋಲಿದ್ದರೆ ಒಂದು ಉಪಾಯವುಂಟು: 4ನೇ ನಂಬರಿನ ಕೋಲಿಗೆ 5ನೇ ನಂಬರಿನ ದಾರ ಹಾಕುವುದು. ಹೊರಗಿರುವ ಸ್ವಲ್ಪ ದಾರಕ್ಕೆ ಒಂದಿಷ್ಟು ತೂಕ ಕೂಡಿ ಕೋಲು ಬಾಗಲು ಒಪ್ಪುತ್ತದೆ.

ಉದ್ದದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ತೊರೆ ಚಿಕ್ಕದಾದಷ್ಟೂ ಕೋಲು ಗಿಡ್ಡವಿರಬೇಕು ಎಂಬುದು ಅರ್ಧ ಸತ್ಯ. ಗಿಡ್ಡ ಕೋಲು ಬೇಕಾಗುವುದು ಮೇಲೆ ಕೊಂಬೆಗಳ ಚಪ್ಪರ ಇದ್ದಾಗ. ಸ್ಮೋಕಿ ಬೆಟ್ಟದ ಸುರಂಗಗಳಲ್ಲಿ ಆರೂವರೆಯಿಂದ ಏಳೂವರೆ ಅಡಿಯ ಕೋಲು ಸಲೀಸು. ಒಂಬತ್ತು ಅಡಿಯದು ಹೆಜ್ಜೆಹೆಜ್ಜೆಗೂ ಎಲೆಗೆ ತಗಲುತ್ತದೆ. ಇಂಗ್ಲೆಂಡಿನ ಡೆವನ್ ಪ್ರಾಂತದ ಡಾರ್ಟ್‌ಮೂರ್‌ನ ತೊರೆಗಳೂ ಅಷ್ಟೇ ಚಿಕ್ಕವು, ಅಲ್ಲಿನ ಬ್ರೌನ್ ಟ್ರೌಟ್ ಕೂಡ ಅಂಗೈಯುದ್ದದವು. ಆದರೆ ಮೇಲಿನ ಬಯಲಿನಲ್ಲಿ ಹರಿಯುವಲ್ಲಿ ಅವುಗಳ ದಡದಲ್ಲಿ ಮರಗಳು ವಿರಳ. ಹುಲ್ಲು, ಗಾಳಿ, ತೆರೆದ ಆಕಾಶ. ಅಲ್ಲಿ ಗಾಳಗಾರ ದಡದಿಂದ ದೂರವೇ ಮೊಣಕಾಲೂರಿ ಕೂತು ಹುಲ್ಲಿನ ಮೇಲಿಂದ ಎಸೆಯಬೇಕಾಗುತ್ತದೆ. ಅದಕ್ಕೆ ಎಂಟು, ಎಂಟೂವರೆ ಅಡಿಯ ಕೋಲೇ ಮೇಲು. ಉದ್ದ ಕೋಲಿಗೆ ಇನ್ನೊಂದು ಗುಣವಿದೆ. ನಡುವಿನ ವೇಗದ ನೀರಿಗೆ ದಾರ ತಾಗದಂತೆ ಎತ್ತಿ ಹಿಡಿದರೆ ಆಚೆಯ ನಿಧಾನದ ನೀರಿನಲ್ಲಿ ಹುಸಿ ಕೀಟ ತನ್ನ ಪಾಡಿಗೆ ತೇಲುತ್ತದೆ. ದಾರ ಜಗ್ಗಿ ಕೀಟ ಅಡ್ಡಡ್ಡ ಸರಿದರೆ ಮೀನು ಮೂಸಿಯೂ ನೋಡದು. ಕೋಲು ಕೊಳ್ಳುವ ಮುನ್ನ ನೋಡಬೇಕಾದದ್ದು ತೊರೆಯ ಅಗಲಕ್ಕಿಂತ ಹೆಚ್ಚಾಗಿ ತಲೆಯ ಮೇಲಿನ ತೆರವು.

ಕೋಲಿನ ಉದ್ದದ ವಾದವನ್ನು ಕೊನೆಮುಟ್ಟ ಒಯ್ದವರು ಜಪಾನಿನ ಬೆಟ್ಟದ ಬೆಸ್ತರು. ಅವರ ತೆಂಕಾರಾ ಪದ್ಧತಿಯಲ್ಲಿ ರೀಲ್ ಇಲ್ಲ. ಹನ್ನೊಂದರಿಂದ ಹದಿನಾಲ್ಕು ಅಡಿಯ ಹಗುರ ಕೋಲಿನ ತುದಿಗೇ, ಹೆಚ್ಚುಕಡಿಮೆ ಕೋಲಿನಷ್ಟೇ ಉದ್ದದ ದಾರವನ್ನು ಕಟ್ಟುತ್ತಾರೆ. ದಾರ ಬಹುತೇಕ ಪೂರ್ತಿ ನೀರಿನಿಂದ ಮೇಲೆಯೇ ಇರುತ್ತದೆ. ಇವಾನಾ, ಯಮಾಮೆ, ಅಮಾಗೊ ಎಂಬ ಮೀನುಗಳನ್ನು ಹಿಡಿದು ಬದುಕುತ್ತಿದ್ದವರ ಬಿದಿರು ಕೋಲು ಈಗ ಒಂದರೊಳಗೊಂದು ಸೇರಿಕೊಳ್ಳುವ ಕಾರ್ಬನ್ ಕೊಳವೆಯಾಗಿದೆ. ಮಡಚಿದರೆ ಬೆನ್ನಚೀಲದಲ್ಲಿ ಹಿಡಿಸುತ್ತದೆ. 2009ರ ಹೊತ್ತಿಗೆ ಅದು ಅಮೆರಿಕಕ್ಕೂ ಕಾಲಿಟ್ಟಿತು. ಕೊಂಬೆಗಳ ಸುರಂಗದಲ್ಲಿ ತೆಂಕಾರಾ ಕಷ್ಟ, ತೆರೆದ ಬೆಟ್ಟದ ತೊರೆಯಲ್ಲಿ ಅದಕ್ಕೆ ಸಾಟಿಯಿಲ್ಲ.

ಕೋಲು ಯಾವುದರಿಂದ ಮಾಡಿದ್ದು ಎಂಬುದರ ಹಿಂದೆ ದೀರ್ಘ ಚರಿತ್ರೆಯಿದೆ, ಅದರಲ್ಲಿ ಭಾರತಕ್ಕೂ ಪಾಲಿದೆ. ಪೆನ್ಸಿಲ್ವೇನಿಯಾದ ಈಸ್ಟನ್ ಊರಿನಲ್ಲಿ ಬಂದೂಕು ಮತ್ತು ಪಿಟೀಲು ತಯಾರಿಸುತ್ತಿದ್ದ ಸ್ಯಾಮ್ಯುಯೆಲ್ ಫಿಲಿಪ್ 1840ರ ದಶಕದಲ್ಲಿ ಬಿದಿರನ್ನು ಉದ್ದಕ್ಕೆ ಸೀಳಿ, ಅಂಟಿಸಿ ಕೋಲು ಮಾಡಿದ. ಮೇನ್ ರಾಜ್ಯದ ಹೈರಮ್ ಲೆನಾರ್ಡ್ ಆರು ತ್ರಿಕೋನ ಸೀಳುಗಳ ಕೋಲನ್ನು ಯಂತ್ರದಿಂದ ಕತ್ತರಿಸಿ ಮಾರುಕಟ್ಟೆಗೆ ತಂದ. ಆ ಮೊದಲ ಕೋಲುಗಳ ಬಿದಿರು ಹಡಗೇರುತ್ತಿದ್ದುದು ಕಲ್ಕತ್ತೆಯ ಬಂದರಿನಲ್ಲಿ; ಕಸುಬಿನಲ್ಲಿ ಅದಕ್ಕೆ ಕಲ್ಕತ್ತಾ ಬೆತ್ತವೆಂದೇ ಹೆಸರಿತ್ತು. ಮುಂದೆ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಟಾಂಕಿನ್ ಬಿದಿರು ಆ ಜಾಗ ಹಿಡಿಯಿತು: ನೆಟ್ಟನೆಯ ಕಾಂಡ, ದೂರದೂರದ ಗೆಣ್ಣು, ಹೊರಪದರದಲ್ಲಿ ಒತ್ತಾದ ನಾರು. 1950ರಲ್ಲಿ ಅಮೆರಿಕ ಚೀನಾದ ಸರಕಿಗೆ ನಿರ್ಬಂಧ ಹೇರಿದಾಗ ಟಾಂಕಿನ್ ಬರುವುದು ನಿಂತಿತು. ಎರಡನೇ ಮಹಾಯುದ್ಧದ ಬೆನ್ನಿಗೆ ಬಂದಿದ್ದ ಅಗ್ಗದ ಫೈಬರ್‌ಗ್ಲಾಸ್ ಕೋಲುಗಳಿಗೆ ದಾರಿ ಸುಗಮವಾಯಿತು. 1970ರ ದಶಕದಲ್ಲಿ ಕಾರ್ಬನ್ ಫೈಬರ್ ಬಂದು ಎರಡನ್ನೂ ಮೂಲೆಗೆ ತಳ್ಳಿತು.

ಕಾರ್ಬನ್ ಹಗುರ, ಬಿರುಸು, ದೂರದ ಎಸೆತಕ್ಕೆ ಸರಿಯಾದದ್ದು. ಕಿರುತೊರೆಗೆ ಬೇಕಾದ ಗುಣ ಅದರಲ್ಲಿ ತಾನಾಗಿ ಇರುವುದಿಲ್ಲ. ಮೆದು ಬಾಗಿಗೆಂದೇ ಮಾಡಿದ್ದನ್ನು ಹುಡುಕಿಕೊಳ್ಳಬೇಕು. ಗ್ಲಾಸ್ ಕೋಲು ತುಸು ಭಾರ, ಆದರೆ ಏಳಡಿಯ ಕೋಲಿನಲ್ಲಿ ಆ ಭಾರ ಕೈಗೆ ತಿಳಿಯದು. ಕಡಿಮೆ ದಾರಕ್ಕೂ ಬಾಗುತ್ತದೆ, ಬಂಡೆಗೆ ಬಡಿದರೂ ಬೇಗ ಒಡೆಯದು. ಒಂದು ಕಾಲಕ್ಕೆ ಹಳತೆಂದು ಬದಿಗಿಟ್ಟ ಈ ಗ್ಲಾಸ್, ಕಿರುತೊರೆಯವರಿಂದಾಗಿಯೇ ಮತ್ತೆ ತಯಾರಾಗುತ್ತಿದೆ. ಕೈಯಿಂದ ಮಾಡಿದ ಬಿದಿರಿನ ಕೋಲು ಬಲು ಚೆಂದ, ಬೆಲೆಯೂ ಹೆಚ್ಚು. ಹೊಸಬರು ಅದರಿಂದ ಶುರುಮಾಡಬೇಕಿಲ್ಲ. ಕಾರ್ಬನ್ ಬಗ್ಗೆ ಒಂದು ಎಚ್ಚರಿಕೆ: ಅದರಲ್ಲಿ ವಿದ್ಯುತ್ ಹರಿಯುತ್ತದೆ. ಕರೆಂಟು ತಂತಿಯ ಕೆಳಗೆ ಅದನ್ನು ಎತ್ತಬಾರದು. ಗುಡುಗು ಕೇಳಿದರೆ ಕೆಳಗಿಟ್ಟು ದೂರ ಸರಿಯಬೇಕು.

ರೀಲಿನ ಮೇಲೆ ಹಣ ಸುರಿಯುವ ಅಗತ್ಯವಿಲ್ಲ. ಸಣ್ಣ ಮೀನು ದಾರ ಎಳೆದುಕೊಂಡು ಓಡುವುದಿಲ್ಲ. ರೀಲ್ ದಾರ ಸುತ್ತಿಡುವ ಡಬ್ಬಿಯಷ್ಟೇ, ಹಗುರವಿದ್ದರೆ ಸಾಕು. ನಾಲ್ಕು ತುಂಡಿನ ಏಳೂವರೆ ಅಡಿ ಕೋಲು ಎರಡಡಿಯ ಕೊಳವೆಯಲ್ಲಿ ಕೂರುವುದರಿಂದ ಬೆಟ್ಟ ಹತ್ತುವವರಿಗೆ ಅದೇ ವಾಸಿ. ಅಂಗಡಿಯಲ್ಲಿ ಕೋಲನ್ನು ಬರಿದೇ ಅಲ್ಲಾಡಿಸಿ ನೋಡಿದರೆ ಏನೂ ತಿಳಿಯದು. ದಾರ ಹಾಕಿಸಿ, ಹತ್ತು ಹದಿನೈದು ಅಡಿಯಷ್ಟೇ ಹೊರಬಿಟ್ಟು, ಹುಲ್ಲಿನ ಮೇಲೆ ಮೊಣಕಾಲೂರಿ, ಕೋಲನ್ನು ನೆಲಕ್ಕೆ ಸಮನಾಗಿ ಅಡ್ಡ ಬೀಸಿ ನೋಡಬೇಕು. ಮಣಿಕಟ್ಟಿನ ಸಣ್ಣ ತಿರುವಿಗೆ ದಾರ ಬಿಚ್ಚಿಕೊಂಡು ನೆಟ್ಟಗೆ ಹೋದರೆ ಕೋಲು ಸರಿಯಿದೆ. ತೋಳು ಬೀಸಬೇಕಾಯಿತೆಂದರೆ ಬೇರೆಯದನ್ನು ಕೇಳಬೇಕು.

ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇಂಥ ತೊರೆಗಳು ದೂರವಲ್ಲ. ಭಾರತದಲ್ಲೇ ಇರುವವರಿಗೆ ಹಿಮಾಚಲದ ತೀರ್ಥನ್ ಕಣಿವೆ ಇದೆ. ಬ್ರಿಟಿಷರ ಕಾಲದಲ್ಲಿ ಆ ಸೀಮೆಗೆ ತಂದು ಬಿಟ್ಟ ಬ್ರೌನ್ ಟ್ರೌಟ್ ಅಲ್ಲಿ ನೆಲೆಯಾಗಿದೆ. ತೀರ್ಥನ್ ಹೊಳೆಗೆ ಎಂಟೂವರೆ, ಒಂಬತ್ತು ಅಡಿಯ ಕೋಲು ಬೇಕು. ಅದನ್ನು ಸೇರುವ ಹಳ್ಳಗಳಿಗೆ ಗಿಡ್ಡ ಕೋಲು ಒಪ್ಪುತ್ತದೆ. ಮೀನುಗಾರಿಕೆ ಇಲಾಖೆಯ ಪರವಾನಗಿ ಕಡ್ಡಾಯ. ಮೊಟ್ಟೆಯಿಡುವ ಕಾಲವಾದ ನವೆಂಬರ್‌ನಿಂದ ಫೆಬ್ರವರಿವರೆಗೆ ಟ್ರೌಟ್ ಹಿಡಿಯುವಂತಿಲ್ಲ.

ಒಂದೇ ಕೋಲು ಕೊಳ್ಳುವವರು ಏಳೂವರೆ ಅಡಿಯ, 4ನೇ ನಂಬರಿನ, ಮಧ್ಯಮ ಬಾಗಿನ ಗ್ಲಾಸ್ ಅಥವಾ ಮೆದು ಕಾರ್ಬನ್ ಕೋಲನ್ನು ಕೊಳ್ಳಬಹುದು. 3ನೇ ನಂಬರು ಇನ್ನೂ ನಾಜೂಕು, ಆದರೆ ಗಾಳಿಗೆ ಸೋಲುತ್ತದೆ. 5ನೆಯದು ಏಳಂಗುಲದ ಮೀನಿಗೆ ಹೆಚ್ಚಾಯಿತು. ತಮ್ಮ ತೊರೆಯ ಮೇಲೆ ಆಕಾಶ ಕಾಣುತ್ತದೆ ಎನ್ನುವವರು ಉದ್ದವನ್ನು ಇನ್ನೊಂದಡಿ ಹೆಚ್ಚಿಸಿಕೊಳ್ಳಲಿ.