ತಗಡಿನ ಬಾಗು ಮತ್ತು ಲೋಹದ ಆಯ್ಕೆ

ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು 1962ರಲ್ಲಿ ಸ್ಥಾಪನೆಯಾದ ನಂತರ ಠಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿ ಹಾಗೂ ನವಿ ಮುಂಬಯಿಯ ಠಾಣೆ–ಬೇಲಾಪುರ ಪಟ್ಟಿಯಲ್ಲಿ ಅನೇಕ ಸಣ್ಣ ಎಂಜಿನಿಯರಿಂಗ್ ಘಟಕಗಳು ನೆಲೆಗೊಂಡವು. ಕನ್ನಡಿಗರೂ ಸೇರಿದಂತೆ ದೇಶದ ನಾನಾ ಭಾಗಗಳ ಕುಶಲ ಕೆಲಸಗಾರರು ಈ ಪ್ರದೇಶದಲ್ಲಿ ದುಡಿಯುತ್ತಾರೆ. ವಿದ್ಯುತ್ ಪ್ಯಾನೆಲ್‌ಗಳ ಪೆಟ್ಟಿಗೆ, ಯಂತ್ರಗಳ ಹೊದಿಕೆ ಮುಂತಾದವುಗಳನ್ನು ತಗಡಿನಿಂದ ತಯಾರಿಸುವ ಯಾವುದೇ ಘಟಕಕ್ಕೂ ಎದುರಾಗುವ ಸಮಸ್ಯೆಯೊಂದುಂಟು. ಪ್ರೆಸ್ಸಿನಲ್ಲಿ ಸರಿಯಾಗಿ 90 ಡಿಗ್ರಿಗೆ ಬಾಗಿಸಿದ ತಗಡು, ಒತ್ತಡ ತೆಗೆದೊಡನೆ ತುಸು ಬಿಚ್ಚಿಕೊಳ್ಳುತ್ತದೆ. ಇದನ್ನೇ ಸ್ಪ್ರಿಂಗ್‌ಬ್ಯಾಕ್ ಎನ್ನುತ್ತಾರೆ.

ಇದಕ್ಕೆ ಕಾರಣವೇನು? ಬಾಗಿಸಿದಾಗ ತಗಡಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಈ ಬದಲಾವಣೆಯ ಬಹುಭಾಗ ಶಾಶ್ವತವಾಗಿ ಉಳಿಯುತ್ತದೆ. ಅಲ್ಪಭಾಗ ಮಾತ್ರ ಹಿಂದಿನ ಸ್ಥಿತಿಗೆ ಮರಳುತ್ತದೆ. ಎಷ್ಟು ಮರಳುವುದೆಂಬುದನ್ನು ಲೋಹದ ಎರಡು ಗುಣಗಳು ಮುಖ್ಯವಾಗಿ ನಿರ್ಧರಿಸುತ್ತವೆ. ಲೋಹವು ಶಾಶ್ವತವಾಗಿ ಮಣಿಯಲು ಬೇಕಾದ ಬಲ ಹೆಚ್ಚಿದಷ್ಟೂ ಸ್ಪ್ರಿಂಗ್‌ಬ್ಯಾಕ್ ಹೆಚ್ಚುತ್ತದೆ. ಸ್ಥಿತಿಸ್ಥಾಪಕತ್ವ ಗುಣಾಂಕ ಹೆಚ್ಚಿದಷ್ಟೂ ಅದು ತಗ್ಗುತ್ತದೆ. ಉಕ್ಕಿನ ಗುಣಾಂಕ ಸುಮಾರು 200 ಗಿಗಾಪಾಸ್ಕಲ್. ಅಲ್ಯೂಮಿನಿಯಂನದು ಸುಮಾರು 70. ಆದ್ದರಿಂದ ಮಣಿಯುವ ಬಲ, ದಪ್ಪ ಮತ್ತು ಬಾಗು ಒಂದೇ ಆಗಿದ್ದರೂ ಅಲ್ಯೂಮಿನಿಯಂ ತಗಡು ಉಕ್ಕಿಗಿಂತ ಸುಮಾರು ಮೂರು ಪಟ್ಟು ಮರಳುತ್ತದೆ. ತಗಡು ತೆಳುವಾದಷ್ಟೂ, ಬಾಗಿನ ತ್ರಿಜ್ಯ ದೊಡ್ಡದಾದಷ್ಟೂ ಈ ಪ್ರಮಾಣ ಏರುತ್ತದೆ.

ಒಳಬಾಗಿನ ತ್ರಿಜ್ಯವು ತಗಡಿನ ದಪ್ಪದಷ್ಟೇ ಇದ್ದಾಗ, ಸಾಮಾನ್ಯವಾಗಿ ಮೆದು ಉಕ್ಕು ಸುಮಾರು 1 ಡಿಗ್ರಿಯಷ್ಟು, ಸ್ಟೇನ್‌ಲೆಸ್ ಉಕ್ಕು 2ರಿಂದ 3 ಡಿಗ್ರಿಯಷ್ಟು ಮರಳುತ್ತದೆ. ಈ ವ್ಯತ್ಯಾಸ ಅಲ್ಪವೆನಿಸಬಹುದು. ಆದರೆ 300 ಮಿಲಿಮೀಟರ್ ಉದ್ದದ ಬದಿಯ ತುದಿಯಲ್ಲಿ 2 ಡಿಗ್ರಿ ಎಂದರೆ 10 ಮಿಲಿಮೀಟರಿಗೂ ಹೆಚ್ಚಿನ ಅಂತರ! ಪೆಟ್ಟಿಗೆಯ ಬಾಗಿಲು ಮುಚ್ಚದು, ಬೋಲ್ಟಿನ ರಂಧ್ರಗಳು ಎದುರುಬದುರಾಗವು. ಗ್ರಾಹಕರು ಇಡೀ ಸರಕನ್ನು ತಿರಸ್ಕರಿಸಿದರೆ ಸಣ್ಣ ಘಟಕವೊಂದರ ತಿಂಗಳ ದುಡಿಮೆಯೇ ವ್ಯರ್ಥವಾದೀತು.

ಆದುದರಿಂದ ಬೆಲೆ ಕಡಿಮೆಯೆಂದೋ ಬೇಗ ದೊರೆಯಿತೆಂದೋ ತಗಡಿನ ದರ್ಜೆಯನ್ನು ಬದಲಿಸಿ, ಹಳೆಯ ಅಚ್ಚಿನಲ್ಲಿಯೇ ಕೆಲಸ ಮುಂದುವರಿಸುವುದು ಸರಿಯಲ್ಲ. ತಣ್ಣಗೆ ಉರುಳಿಸಿದ ಕಡಿಮೆ ಇಂಗಾಲದ ಉಕ್ಕಿನ ತಗಡುಗಳಿಗೆ ಭಾರತೀಯ ಮಾನಕ ಬ್ಯೂರೋ ಐ.ಎಸ್. 513 ಎಂಬ ಮಾನಕವನ್ನು ರೂಪಿಸಿದೆ. ಖರೀದಿಸುವಾಗ ದರ್ಜೆಯನ್ನು ನಮೂದಿಸಿ, ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಒಂದೇ ದರ್ಜೆಯಲ್ಲಿಯೂ ಸುರುಳಿಯಿಂದ ಸುರುಳಿಗೆ ಗುಣ ಬದಲಾಗುವುದರಿಂದ, ಪ್ರತಿ ಹೊಸ ಸುರುಳಿಯ ತುಂಡೊಂದನ್ನು ಮೊದಲು ಬಾಗಿಸಿ, ಕೋನವನ್ನು ಅಳೆದು ಬರೆದಿಡಬೇಕು. ಎಷ್ಟು ಮರಳುವುದೆಂದು ತಿಳಿದ ಮೇಲೆ, ಅಷ್ಟು ಹೆಚ್ಚಾಗಿ ಬಾಗಿಸುವಂತೆ ಅಚ್ಚನ್ನು ತಿದ್ದಬಹುದು. ಇಲ್ಲವೇ ಬಾಗಿನ ಮೂಲೆಯಲ್ಲಿ ಅಧಿಕ ಒತ್ತಡ ಹೇರಬಹುದು.

ಪರೀಕ್ಷೆಗೆ ಬಳಸಿದ ಒಂದು ತುಂಡು ತಗಡು ನಷ್ಟವಲ್ಲ. ಅದು ಮುಂದಿನ ಸಾವಿರ ತುಂಡುಗಳ ರಕ್ಷಣೆ.